ಒಂದೇ ಚರಂಡಿಯವರು

ಜೂನ್ 3

ಮಾಲಿನ್ಯ ಮಂಡಳಿಯವರು ಓಣಿಯ ಗೇಟಿಗೆ ಕಾಗದ ಅಂಟಿಸಿ ಹೋಗಿದ್ದಾರೆ. ಅಂಗಡಿಗೆ ಅಂಟಿದ ಮನೆಯಿಂದ ನಾನು ಶಟರ್ ಎತ್ತಲು ಬರುವಷ್ಟರಲ್ಲಿ ಅದರ ಮುಂದೆ ಇಡೀ ಓಣಿ ನಿಂತಿತ್ತು. ಲೋಹ ಅದ್ದುವ ತೊಟ್ಟಿಯ ನೀರನ್ನು ಯಾರೂ ಹಾಗೆಯೇ ಚರಂಡಿಗೆ ಬಿಡಕೂಡದು, ಪ್ರತಿ ಅಂಗಡಿಯೂ ಶುದ್ಧ ಮಾಡಿಯೇ ಬಿಡಬೇಕು, ಎರಡು ತಿಂಗಳೊಳಗೆ ಏರ್ಪಾಡು ಆಗದಿದ್ದರೆ ಬೀಗ. ಇಷ್ಟು ಹೇಳುವುದಕ್ಕೆ ಎರಡು ಪುಟ. ಪಕ್ಕದ ಅಂಗಡಿಯ ಬಕಲ್ ಅಕ್ಕ ಕನ್ನಡಕ ಏರಿಸಿಕೊಂಡು ಎರಡನ್ನೂ ಓದಿ, "ಕೊನೇಲಿ 'ತಮ್ಮ ವಿಶ್ವಾಸಿ' ಅಂತ ಬೇರೆ ಹಾಕಿದಾನೆ. ನಂಬೋಣ ಪಾಪ," ಎಂದರು. ಅಷ್ಟು ಗಾಬರಿಯಲ್ಲೂ ಎಲ್ಲರೂ ನಕ್ಕರು. ಬೆಲ್ಟಿನ ಬಕಲ್‌ಗಳಿಗೆ ನಿಕಲ್ ಹಾಕುವುದರಿಂದ ಅವರಿಗೆ ಆ ಹೆಸರು. ಗಂಡ ಹೋದ ಮೇಲೆ ಒಬ್ಬರೇ ಅಂಗಡಿ ನಡೆಸಿದವರು. ನಾಲಿಗೆಗೆ ಬೀಗವಿಲ್ಲ, ಮನಸ್ಸಿಗೆ ಕಸವಿಲ್ಲ.

ಇಲ್ಲಿ ಒಬ್ಬರಿಗೆ ನೋಟೀಸು ಬಂದರೆ ಎಲ್ಲರಿಗೂ ಬಂದಂತೆ. ನಮ್ಮದು ಸೈಕಲ್ ಹ್ಯಾಂಡಲ್, ಇನ್ನೊಬ್ಬರದು ನಲ್ಲಿ, ಮತ್ತೊಬ್ಬರದು ಬಾಗಿಲಿನ ಚಿಲಕ, ಏನೇ ಆದರೂ ಲೋಹಕ್ಕೆ ಹೊಳಪಿನ ಲೇಪ ಕೊಡುವುದೇ ಎಲ್ಲರ ಕಸುಬು. ಆಸಿಡ್ ತರುವವನು ಒಬ್ಬನೇ, ಮಾಲು ಸಾಗಿಸುವ ಟೆಂಪೋ ಒಂದೇ, ಪಾಲಿಶ್ ಮಾಡುವ ಹೆಂಗಸರು ಇಂದು ನಮ್ಮಲ್ಲಿ ನಾಳೆ ಪಕ್ಕದಲ್ಲಿ. ಚರಂಡಿಯೂ ಒಂದೇ. ನಮ್ಮ ಕ್ರೋಮಿನ ಹಳದಿಯೂ ಅಕ್ಕನ ನಿಕಲ್ಲಿನ ಹಸಿರೂ ಮೋರಿಯ ಹತ್ತಿರ ಸೇರಿಹೋದರೆ ಯಾರ ನೀರು ಯಾವುದು ಎಂದು ಹೇಳಬಲ್ಲವರು ಇನ್ನೂ ಹುಟ್ಟಿಲ್ಲ.

ಸಂಜೆ ಅಣ್ಣನ ಶೆಡ್ಡಿನಲ್ಲಿ ಸಭೆ. ಓಣಿಯಲ್ಲಿ ಎಲ್ಲರಿಗಿಂತ ದೊಡ್ಡ ಅಂಗಡಿ ಅಣ್ಣನದು, ಸಂಘದ ಅಧ್ಯಕ್ಷನೂ ಅವನೇ. ಮದುವೆಯಾದ ಹೊಸತರಲ್ಲಿ ಕೆಲಸವಿಲ್ಲದೆ ಕೂತಿದ್ದ ಇವರಿಗೆ ತೊಟ್ಟಿಯ ಕೆಲಸ ಕಲಿಸಿ, ಶೆಡ್ಡು ಕೊಡಿಸಿ ನಮ್ಮನ್ನು ನೆಲೆ ನಿಲ್ಲಿಸಿದವನು.

"ಕೇಳ್ರಪ್ಪ," ಎಂದ ಅಣ್ಣ. "ಒಂದು ಅಂಗಡಿ ಮುಚ್ಚಿಸೋದು ಅವರಿಗೆ ಸುಲಭ. ಒಂದು ಓಣಿ ಮುಚ್ಚಿಸೋದು? ಇಷ್ಟು ಜನರ ಹೊಟ್ಟೆ ಮೇಲೆ ಹೊಡೆಯೋ ಧೈರ್ಯ ಯಾವ ಅಧಿಕಾರಿಗಿದೆ? ಆದ್ರೆ ನಮ್ಮಲ್ಲಿ ಒಬ್ಬ ಮಾಡಿಬಿಟ್ಟ ಅಂದ್ರೆ ಮುಗೀತು. ಅವನಿಗೆ ಆಗೋದು ನಿಮಗ್ಯಾಕೆ ಆಗಲ್ಲ ಅಂತ ಎಲ್ಲರ ಕುತ್ತಿಗೆಗೆ ಬರ್ತಾರೆ. ಅದಕ್ಕೇ ಯಾರೂ ಏನೂ ಮಾಡೋದು ಬೇಡ. ಸುಮ್ನಿರೋಣ. ಆದ್ರೆ ಒಟ್ಟಿಗೆ ಸುಮ್ನಿರೋಣ."

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಇಷ್ಟು ಜನ ನಮ್ಮವರು ಅನ್ನುವುದೇ ಒಂದು ಧೈರ್ಯ. ಇವರು ಮಾತ್ರ ತಟ್ಟಲಿಲ್ಲ. ಬೆರಳಿನ ಹುಣ್ಣು ಕೆರಳಿದೆಯಂತೆ. ಕ್ರೋಮಿನ ತೊಟ್ಟಿಗೆ ಕೈ ಹಾಕುವವರಿಗೆ ಅದೇನು ಹೊಸದೇ.

ಜೂನ್ 11

ಮಂಡಳಿಯವರು ಹೇಳದೆ ಕೇಳದೆ ಬಂದರೆ ಎಲ್ಲರಿಗೂ ಸುದ್ದಿ ಮುಟ್ಟಿಸುವ ಕೆಲಸ ನನಗೆ ಬಂದಿದೆ. ಗೇಟಿನ ಚಹಾದಂಗಡಿಯವನು ನನಗೆ ಫೋನು ಮಾಡುವುದು, ನಾನು "ಅತ್ತೆ ಬಂದರು" ಎಂದು ಎಲ್ಲರಿಗೂ ಹೇಳುವುದು, ತಕ್ಷಣ ತೊಳೆಯುವ ಕೆಲಸ ನಿಲ್ಲಿಸಿ, ಚರಂಡಿಗೆ ಹೋಗುವ ಕೊಳವೆ ಮುಚ್ಚಿ, ಒಳ್ಳೆಯ ನೀರನ್ನು ಸ್ವಲ್ಪ ಹೊತ್ತು ಹರಿಯಬಿಡುವುದು. ಮಾತು ಆರಿಸಿದವರು ಬಕಲ್ ಅಕ್ಕ. "ಅತ್ತೆ ಅಂದ್ರೆ ಸಾಕು, ಹೆಂಗಸರಿಗೆ ಕೈಕಾಲು ತಾವಾಗೇ ಚುರುಕಾಗುತ್ತೆ," ಎಂದರು.

ಮೊನ್ನೆ ಆದದ್ದು ಬರೆಯದಿದ್ದರೆ ಆಗುವುದೇ ಇಲ್ಲ. ನನ್ನ ಸ್ವಂತ ಅತ್ತೆ ಊರಿನಿಂದ ಬಂದರು. ಚಿಲಕದ ಅಂಗಡಿಯಾತನ ಹೆಂಡತಿ ಏನೋ ಕೇಳಲು ಫೋನು ಮಾಡಿದಾಗ, "ಆಮೇಲೆ ಮಾತಾಡ್ತೀನಿ, ಅತ್ತೆ ಬಂದಿದಾರೆ," ಎಂದುಬಿಟ್ಟೆ. ಐದೇ ನಿಮಿಷದಲ್ಲಿ ಓಣಿಯ ಸದ್ದೆಲ್ಲ ನಿಂತುಹೋಯಿತು. ಮೋಟಾರಿಲ್ಲ, ಪಾಲಿಶ್ ಚಕ್ರವಿಲ್ಲ, ಎಲ್ಲರೂ ಶಟರ್ ಅರ್ಧ ಇಳಿಸಿ ಸಭ್ಯರಂತೆ ನಿಂತಿದ್ದಾರೆ. ನಡುವೆ ನಮ್ಮ ಅತ್ತೆ ಚೀಲ ಹಿಡಿದು ನಡೆದು ಬರುತ್ತಿದ್ದಾರೆ. "ನಿಮ್ಮ ಓಣೀಲಿ ಎಷ್ಟು ಮರ್ಯಾದೆ ಕೊಡ್ತಾರಮ್ಮ," ಎಂದರು ಒಳಗೆ ಬಂದು. ಅಕ್ಕ ಗೋಡೆಯಾಚೆ ಬಿದ್ದು ಬಿದ್ದು ನಗುವುದು ಕೇಳಿಸುತ್ತಿತ್ತು.

ನಮ್ಮ ಪಾಲಿಶ್‌ನವಳು ಈಗ ಕೆಲಸ ಮುಗಿಸಿ ಹೋಗುವಾಗ ನಮ್ಮ ನಲ್ಲಿಯಲ್ಲಿ ಕೊಡ ತುಂಬಿಕೊಂಡು ಹೋಗುತ್ತಾಳೆ. ಇಳಿಜಾರಿನ ಕೆಳಗೆ ಅವರ ಮನೆಗಳಿರುವ ಕಡೆ ಬಾವಿಯ ನೀರು ಬಾಯಿಗೆ ಇಡುವ ಹಾಗಿಲ್ಲವಂತೆ. ಎಷ್ಟು ಬೇಕಾದರೂ ತುಂಬಿಕೋ ಎಂದಿದ್ದೇನೆ.

ಜೂನ್ 24

ಮಧ್ಯಾಹ್ನ ಅಕ್ಕ ಹಿತ್ತಲಿಗೆ ಕರೆದರು. ನಮ್ಮಿಬ್ಬರ ಶೆಡ್ಡಿಗೂ ನಡುಗೋಡೆ ಒಂದೇ, ಹಿತ್ತಲೂ ಒಂದಕ್ಕೊಂದು ಅಂಟಿದೆ.

"ನನ್ನ ಬೆಲ್ಟ್ ಕಂಪನಿಯವರು ಬಂದು ನೋಡ್ತಾರಂತೆ. ನೀರು ಶುದ್ಧ ಮಾಡ್ದೇ ಇದ್ರೆ ಬಕಲ್ ತಗೊಳಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ರು," ಎಂದರು. "ನಾನು ಮಾಡ್ತೀನಿ. ಸುಮ್ನೆ ಗುಂಡಿ ಕಣೇ. ಒಂದರಲ್ಲಿ ಸುಣ್ಣ ಬೆರೆಸೋದು, ಇನ್ನೊಂದರಲ್ಲಿ ಗಸಿ ಇಳಿಸೋದು, ತಿಳಿ ಮಾತ್ರ ಆಚೆ ಬಿಡೋದು. ನಿಮ್ಮ ಕ್ರೋಮಿಗೆ ಮೊದಲು ಇನ್ನೊಂದು ಔಷಧಿ ಹಾಕ್ಬೇಕಂತೆ, ಅದನ್ನೂ ಕೇಳಿಟ್ಟಿದೀನಿ. ನನ್ನ ಹಿತ್ತಲು ಅಂಗೈಯಷ್ಟು. ನಿನ್ನ ಕಡೆಯದು ಸ್ವಲ್ಪ ಸೇರಿದ್ರೆ ಇಬ್ಬರಿಗೂ ಆಗುತ್ತೆ."

"ಅಣ್ಣ ಬೇಡ ಅಂದಿದಾನಲ್ಲ ಅಕ್ಕ."

"ನಿಮ್ಮಣ್ಣ ನನ್ನ ಬಕಲ್ ಕೊಂಡುಕೊಳ್ತಾನಾ?"

ಇವರು ತೊಟ್ಟಿಯ ಹತ್ತಿರದಿಂದ ಎಲ್ಲ ಕೇಳಿಸಿಕೊಂಡು ಬಂದರು. ಇವರು ಹೀಗೆ ಮುಖ ಅರಳಿಸಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. "ಎಲ್ಲಿ ತೋಡಬೇಕು ಹೇಳಿ," ಎಂದು ಹಿತ್ತಲಲ್ಲಿ ಕಡ್ಡಿ ಹಿಡಿದು ಗೆರೆ ಎಳೆದೇಬಿಟ್ಟರು. ನಮ್ಮ ಮನೆಯವರಿಗೆ ಅಕ್ಕನೆಂದರೆ ಗುರು. ನನಗೂ ಅಷ್ಟೇ. ನನಗೆ ಗರ್ಭಪಾತವಾದ ವರ್ಷ, ಅಂಗಡಿ ಬಿಟ್ಟು ಹಾಸಿಗೆಯ ಪಕ್ಕ ಕೂತವರು ಅಕ್ಕನೇ ಹೊರತು ಹೆತ್ತವರಲ್ಲ.

ಒಂದೆರಡು ದಿನ ಯೋಚನೆ ಮಾಡುತ್ತೇನೆ ಎಂದೆ. ಆದರೆ ಮನಸ್ಸು ಆಗಲೇ ಹೂಂ ಅಂದಿದೆ.

ಜೂನ್ 26

ಓಣಿಯಲ್ಲಿ ಗೆರೆ ಎಳೆದರೂ ಸುದ್ದಿ. ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಮನೆಗೇ ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇವರ ಬೆರಳು ನೋಡಿ, ಒಳ್ಳೆಯ ಡಾಕ್ಟರಿದ್ದಾರೆ ಕರೆದೊಯ್ಯುತ್ತೇನೆ ಎಂದ. ಚಹಾ ಕುಡಿದ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ.

"ನೋಡಮ್ಮ, ನಿನ್ನ ಮಾಲು ಯಾರ ಟೆಂಪೋದಲ್ಲಿ ಹೋಗುತ್ತೆ? ಗಿರಾಕಿ ಯಾಕೆ ಇಲ್ಲಿಗೇ ಬರ್ತಾನೆ? ನಿನ್ನೊಬ್ಬಳ ಅಂಗಡಿ ನೋಡ್ಕೊಂಡಾ? ಓಣಿ ನೋಡ್ಕೊಂಡು ಬರ್ತಾನೆ. ಇಲ್ಲಿ ಒಬ್ಬೊಬ್ಬರನ್ನೇ ಕಿತ್ತು ಆಚೆ ನಿಲ್ಸಿದ್ರೆ ನಾವ್ಯಾರೂ ಏನೂ ಅಲ್ಲ."

"ಅಕ್ಕನಿಗೆ ಕಂಪನಿಯವರು…"

"ಅವರಿಗೆ ದೊಡ್ಡ ಕಂಪನಿ ಇದೆ, ತಡ್ಕೋತಾರೆ. ನಲ್ಲಿಯವನು ತಡ್ಕೋತಾನಾ? ಚಿಲಕದವನು? ತಂಗೀನೇ ನನ್ನ ಮಾತು ಮುರಿದ್ರೆ ನಾನು ಓಣಿಗೆ ಯಾವ ಮುಖ ತೋರಿಸ್ಲಿ?"

ಅವನ ಕಣ್ಣು ಒದ್ದೆಯಾಗಿತ್ತು. ಅಣ್ಣ ಅತ್ತದ್ದನ್ನು ನಾನು ಅಪ್ಪ ಹೋದಾಗ ಬಿಟ್ಟರೆ ಕಂಡಿಲ್ಲ. ಇವರು ಎದ್ದು ಒಳಗೆ ಹೋದರು. ನಾನೇ, ಸರಿ ಅಣ್ಣ, ಎಂದೆ.

ಜುಲೈ 2

ಅಕ್ಕನಿಗೆ ಹೇಳಬೇಕು. ಇವರ ಕೈಯಲ್ಲಿ ಹೇಳಿಕಳಿಸೋಣವೆಂದರೆ, "ನಿನ್ನ ಮಾತು ನೀನೇ ಹೇಳು," ಎಂದರು. ಇವತ್ತು ಆಗಲಿಲ್ಲ. ತಲೆನೋವು.

ಜುಲೈ 4

ಹೇಳಿದೆ. "ಗೊತ್ತಾಯ್ತು ಬಿಡೇ, ನಿಮ್ಮಣ್ಣನ ಕಾರು ನಿಮ್ಮನೆ ಮುಂದೆ ನಿಂತಾಗಲೇ," ಎಂದು ನಕ್ಕರು. ಸಿಟ್ಟು ಮಾಡಿಕೊಳ್ಳಲಿಲ್ಲ. ಅದೇ ಸಮಾಧಾನ. ಅಂದರೆ ಅವರಿಗೂ ಅಷ್ಟೇನೂ ಬೇಕಿರಲಿಲ್ಲ ಅನ್ನಿಸುತ್ತದೆ.

ಜುಲೈ 15

ಬಕಲ್‌ನವರು ತಮ್ಮಷ್ಟಕ್ಕೆ ತಾವೇ ಗುಂಡಿ ತೋಡಿಸಲು ಶುರುಮಾಡಿದ್ದಾರೆ. ಗಾರೆಯವನು ಎರಡು ದಿನ ಬಂದ, ಮೂರನೆಯ ದಿನ ಬರಲಿಲ್ಲ. ಅವನಿಗೆ ಓಣಿಯ ತುಂಬ ಕೆಲಸವಿರುತ್ತದೆ, ಒಬ್ಬರಿಗಾಗಿ ಎಲ್ಲರನ್ನೂ ಎದುರು ಹಾಕಿಕೊಳ್ಳುತ್ತಾನೆಯೇ? ಟೆಂಪೋದವನು ಅವರ ಬಾಗಿಲಲ್ಲಿ ನಿಲ್ಲಿಸುವುದು ಬಿಟ್ಟ. ಪಾಲಿಶ್‌ನ ಹೆಂಗಸರು ಅತ್ತ ಹೋಗುತ್ತಿಲ್ಲ. ಯಾರೂ ಯಾರಿಗೂ ಹೇಳಿದ್ದಲ್ಲ. ಎಲ್ಲರಿಗೂ ತಾನಾಗಿಯೇ ತೋಚಿದೆ ಅಷ್ಟೆ. ನಮ್ಮ ಓಣಿಯ ಒಗ್ಗಟ್ಟೇ ಅಂಥದ್ದು.

ನಾನು ಯಾವುದಕ್ಕೂ ಹೋಗಿಲ್ಲ. ಅವರಿಗೆ ಎದುರಾಗಿಯೂ ಇಲ್ಲ, ಜೊತೆಗೂ ಇಲ್ಲ. ಕಂಡರೆ ಊಟ ಆಯ್ತಾ ಎಂದು ಕೇಳುತ್ತೇನೆ.

ತೊಂದರೆ ಇವರದು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಗೋಡೆ ಹಾರಿ ಅವರ ಹಿತ್ತಲಿಗೆ ಹೋಗಿ ಮಣ್ಣು ಎತ್ತುತ್ತಾರೆ. ಹುಣ್ಣಾದ ಕೈಯಲ್ಲಿ! ಈ ಉಸಾಬರಿ ಯಾಕೆ ಎಂದರೆ, "ವ್ಯಾಯಾಮ," ಅನ್ನುತ್ತಾರೆ. ಯಾರಾದರೂ ನೋಡಿದರೆ ನನ್ನ ಗತಿ?

ಜುಲೈ 19

ನೋಡಿದ್ದಾರೆ. ಅತ್ತಿಗೆ ನನ್ನ ಹತ್ತಿರ ಮಾತು ನಿಲ್ಲಿಸಿದ್ದಾರೆ.

ಜುಲೈ 22

ಇವರೊಂದಿಗೆ ಜಗಳ. ಏನೇನೋ ಅಂದೆ. ಅಣ್ಣನ ಅನ್ನ ತಿಂದು ಅಣ್ಣನಿಗೇ ಎದುರು ನಿಲ್ಲುತ್ತೀರಾ ಎಂದೆ. ಅದನ್ನು ಅನ್ನಬಾರದಿತ್ತು. ಇವರು ಹಿತ್ತಲಿಗೆ ಹೋಗುವುದು ನಿಲ್ಲಿಸಿದರು. ಮಾತೂ ನಿಂತಿದೆ. ತೊಟ್ಟಿ, ಊಟ, ಹಾಸಿಗೆ. ಮನೆಯಲ್ಲಿ ಪಾತ್ರೆಗಳೇ ಹೆಚ್ಚು ಮಾತಾಡುತ್ತವೆ.

ಆಗಸ್ಟ್ 1

ಪಕ್ಕದವರು ಬಂದಿದ್ದರು. ಆಸಿಡ್ ತರುವವನು ಎರಡು ವಾರದಿಂದ ಅವರಿಗೆ ದಾಸ್ತಾನಿಲ್ಲ ಅನ್ನುತ್ತಿದ್ದಾನಂತೆ. "ಒಂದು ಕ್ಯಾನು ಕೊಡು, ಮುಂದಿನ ವಾರ ಬೇರೆ ಊರಿಂದ ತರಿಸಿ ವಾಪಸ್ ಕೊಡ್ತೀನಿ. ತೊಟ್ಟಿ ಒಣಗ್ತಿದೆ," ಎಂದರು.

"ನಮ್ಮಲ್ಲೂ ಮುಗಿದಿದೆ," ಎಂದೆ.

ಕ್ಯಾನುಗಳು ನನ್ನ ಹಿಂದೆಯೇ ಸಾಲಾಗಿದ್ದವು. ಅವರು ಅವನ್ನು ನೋಡಿದರು, ನನ್ನನ್ನು ನೋಡಿದರು. "ಖಾಲಿ ಕ್ಯಾನಿಗೂ ಮುಚ್ಚಳ ಬಿಗಿಯಾಗಿ ಹಾಕ್ತೀಯಲ್ಲ, ಅಚ್ಚುಕಟ್ಟು," ಎಂದು ಹೊರಟುಹೋದರು.

ಚುಚ್ಚಿ ಮಾತಾಡುವುದು ಅವರ ಹಳೆಯ ಚಾಳಿ. ಅಷ್ಟಕ್ಕೂ ಕೊಟ್ಟರೆ ನಾಳೆ ನನಗೂ ದಾಸ್ತಾನಿಲ್ಲ ಅನ್ನುತ್ತಾನೆ ಆಸಿಡ್‌ನವನು. ನಮ್ಮ ಹೊಟ್ಟೆಯನ್ನು ನಾವು ನೋಡಿಕೊಳ್ಳಬೇಡವೇ? ಇವರು ಆಗ ತೊಟ್ಟಿಯ ಹತ್ತಿರವೇ ಇದ್ದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ಆಗಸ್ಟ್ 13

ಇಂದು ನಿಜವಾಗಿಯೂ ಬಂದರು. ನಾಲ್ಕು ಜೀಪು, ಪೊಲೀಸರು. "ಅತ್ತೆ" ಎಂದು ಹೇಳಿ ಮುಗಿಸುವಷ್ಟು ವ್ಯವಧಾನವೂ ಇರಲಿಲ್ಲ. ಆದರೆ ಅಣ್ಣ ಅದಕ್ಕೂ ತಯಾರಿದ್ದ. ಓಣಿಯ ಗಂಡಸರು ಹೆಂಗಸರು ಎಲ್ಲ ಗೇಟಿಗೆ ಹೋಗಿ ಕೂತೆವು. ಒಬ್ಬರೂ ಕೂಗಲಿಲ್ಲ, ಸುಮ್ಮನೆ ಕೂತೆವು. ಅಣ್ಣ ಅಧಿಕಾರಿಗೆ ಹೇಳಿದ: "ನಾವು ಬೇಡ ಅಂತಿಲ್ಲ ಸಾರ್. ಎಲ್ಲರೂ ಸೇರಿ ನೀರು ಶುದ್ಧ ಮಾಡೋ ಒಂದೇ ದೊಡ್ಡ ಘಟಕ ಕಟ್ಟಿಸ್ತೀವಿ. ಟೈಮ್ ಕೊಡಿ. ನಮ್ಮ ಜೊತೆ ಬರದೇ ಇರೋರು ಇದ್ರೆ ಅವರ ಜವಾಬ್ದಾರಿ ನಮ್ಮದಲ್ಲ."

ಅಧಿಕಾರಿ ತುಂಬಾ ಹೊತ್ತು ಫೋನಿನಲ್ಲಿ ಮಾತಾಡಿದ. ಬಂದದ್ದಕ್ಕೆ ಏನಾದರೂ ಮಾಡಿ ಹೋಗಲೇಬೇಕು ಅನ್ನುವುದು ಅವನ ಮುಖದಲ್ಲೇ ಇತ್ತು. ಸೀದಾ ಪಕ್ಕದ ಶೆಡ್ಡಿಗೆ ಹೋದ. ಹಿತ್ತಲು ಅಂಟಿಕೊಂಡಿದೆಯೆಂದು ನನ್ನನ್ನೂ ಕರೆಸಿದ.

"ಈ ಗುಂಡಿ ಕೆಲಸ ಮಾಡ್ತಿದೆಯಾ?"

"ಇಲ್ಲ, ಇನ್ನೂ ಪೂರ್ತಿಯಾಗಿಲ್ಲ."

"ಹಾಗಾದ್ರೆ ಇವರ ನೀರು ಎಲ್ಲಿಗೆ ಹೋಗ್ತಿದೆ?"

"ಚರಂಡಿಗೆ."

ನಿಜ ತಾನೇ? ಒಂದಕ್ಷರ ಸುಳ್ಳು ಹೇಳಲಿಲ್ಲ. ಪಕ್ಕದವರು, "ಗಾರೆಯವನು ಅರ್ಧಕ್ಕೆ ಬಿಟ್ಟು ಹೋದ. ಯಾಕೆ ಬಿಟ್ಟ ಅಂತ ಇವಳನ್ನೇ ಕೇಳಿ," ಎಂದರು. ಅಧಿಕಾರಿ ನನ್ನ ಕಡೆ ತಿರುಗಿದ.

"ನನಗೆ ಗೊತ್ತಿಲ್ಲ," ಎಂದೆ. ಮಾತು ತಾನಾಗಿ ಬಂತು. ಗಾರೆಯವನ ಮನಸ್ಸಿನಲ್ಲಿ ಏನಿತ್ತೋ ನನಗೆ ಹೇಗೆ ಗೊತ್ತಿರಬೇಕು?

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಅವರ ಬಾಗಿಲಿಗೆ ಬೀಗ ಬಿತ್ತು. ಓಣಿಗೆಲ್ಲ ವರ್ಷದ ಗಡುವು ಸಿಕ್ಕಿತು. ಅಣ್ಣನನ್ನು ಹೆಗಲ ಮೇಲೆ ಹೊತ್ತುಕೊಂಡು ಗೇಟಿನಿಂದ ಶೆಡ್ಡಿನವರೆಗೆ ತಂದರು.

ಆಗಸ್ಟ್ 14

ತಲೆನೋವು.

ಸೆಪ್ಟೆಂಬರ್ 6

ಪಕ್ಕದವರು ತೊಟ್ಟಿಗಳನ್ನು ಹೊರಗಿನ ಲಾರಿಯಲ್ಲಿ ಸಾಗಿಸಿಕೊಂಡು ಹೋದರು. ಮಂಡಳಿಯವರು ಬೀಗ ತೆಗೆದರು. ನೆಲ ಸಂಘದ್ದು, ಶೆಡ್ಡು ಸಂಘಕ್ಕೆ ಮರಳಿತು. ಅಣ್ಣ ಬೀಗದ ಕೈ ನನ್ನ ಕೈಗಿಟ್ಟು, "ಮಾಲು ಇಡೋಕೆ ಜಾಗ ಇಲ್ಲ ಅಂತಿದ್ದೆಯಲ್ಲ," ಎಂದ. ಒಳ್ಳೆಯ ಜಾಗ. ಬೆಳಕು ನಮ್ಮದಕ್ಕಿಂತ ಚೆನ್ನಾಗಿದೆ. ಗೋಡೆಗೆ ಸುಣ್ಣ ಬಳಿಸಿದೆ. ಹ್ಯಾಂಡಲ್ ಪೆಟ್ಟಿಗೆಗಳನ್ನು ಅಲ್ಲಿ ಪೇರಿಸಿದ್ದಾಯಿತು. ಇವರು ಮಾತ್ರ ಆ ಹೊಸ್ತಿಲು ದಾಟುವುದಿಲ್ಲ. ಪೆಟ್ಟಿಗೆಯನ್ನು ಬಾಗಿಲವರೆಗೆ ತಂದು ಇಳಿಸಿ ಹೋಗುತ್ತಾರೆ. ಒಳಗೆ ಎಳೆದುಕೊಳ್ಳುವ ಕೆಲಸ ನನ್ನದು. ಸೊಂಟ ಹಿಡಿದಿದೆ.

ನವೆಂಬರ್ 20

ಎಷ್ಟು ದಿನವಾಯಿತು ಬರೆದು! ಓಣಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಅಣ್ಣನ ದೊಡ್ಡ ಗಿರಾಕಿಯವರು ನೀರಿನ ವಿಷಯ ಎತ್ತಿದರು. ಇಳಿಜಾರಿನ ಕೆಳಗಿನ ಬಾವಿಯ ಫೋಟೋ ಅವರ ಕೈಗೆ ಹೇಗೋ ಸೇರಿತ್ತಂತೆ. ಅಣ್ಣ ಆ ವಾರವೇ ಸಭೆ ಕರೆದು, "ಘಟಕ ಈಗಲೇ ಕಟ್ಟೋಣ. ಗಡುವಿಗೆ ಕಾಯೋದು ಮರ್ಯಾದೆ ಅಲ್ಲ," ಎಂದ. ಮಳೆಗಾಲದಲ್ಲಿ ಗುಂಡಿ ಎಂದರೆ ಕೆಂಡ ತುಳಿದಂತೆ ಕುಣಿದ ನಲ್ಲಿಯವನೇ ಮೊದಲು ಕೈ ಎತ್ತಿದ. ಮರುದಿನ ಚಿಲಕದವನು. ವಾರದೊಳಗೆ ಸೇರದವರು ಒಬ್ಬರೂ ಉಳಿಯಲಿಲ್ಲ. ಗೇಟಿನಾಚೆಯ ಖಾಲಿ ಜಾಗದಲ್ಲಿ ಕೆಲಸ ಭರದಿಂದ ಸಾಗಿದೆ. ಅದೇ ಗಾರೆಯವನು, ಹತ್ತು ಜನರನ್ನು ಕಟ್ಟಿಕೊಂಡು. ಪ್ರತಿ ಅಂಗಡಿಗೂ ಕೊಳವೆ ಬರುತ್ತದೆ. ನನ್ನನ್ನು ಉಸ್ತುವಾರಿ ಸಮಿತಿಗೆ ಹಾಕಿದ್ದಾರೆ.

ಪತ್ರಿಕೆಯವರು ಬಂದಾಗ ನಾನೂ ಮಾತಾಡಿದೆ. ನೀರಿನ ವಿಷಯದಲ್ಲಿ ನಮ್ಮ ಓಣಿ ಯಾವಾಗಲೂ ಮುಂದು ಎಂದೆ. ಇವರು ಅದನ್ನು ಪತ್ರಿಕೆಯಲ್ಲಿ ಓದಿ, ಮಡಿಸಿ, ಒಲೆಯ ಕೆಳಗೆ ಹಾಸಿದರು.

ಜನವರಿ 9

ಘಟಕ ಶುರುವಾಗಿ ವಾರವಾಯಿತು. ಇಂದು ಸಮಿತಿಯ ಸಭೆ. ವಿಷಯ ಒಂದೇ. ಹಿಂದೆ ಬಕಲ್ ಅಂಗಡಿ ನಡೆಸುತ್ತಿದ್ದ ಅರ್ಜಿದಾರರು ತಮ್ಮ ಶೆಡ್ಡನ್ನು ಮರಳಿ ಕೊಡಬೇಕೆಂದು, ಘಟಕಕ್ಕೆ ಕೊಳವೆ ಕೊಡಬೇಕೆಂದು ಕೇಳಿದ್ದಾರೆ. ಅರ್ಜಿದಾರರು ಖುದ್ದಾಗಿ ಬಂದಿದ್ದರು. ಬಹಳ ಇಳಿದುಹೋಗಿದ್ದಾರೆ. ಈಗ ಅಂಗಡಿ ಇಟ್ಟಿರುವ ಊರಿನಲ್ಲಿ ಪಾಲಿಶ್‌ಗೆ ಜನ ಸಿಗುವುದಿಲ್ಲ, ಗಿರಾಕಿ ಅಷ್ಟು ದೂರ ಬರುವುದಿಲ್ಲ.

"ನಾನು ಬೇಕು ಅಂದಿದ್ದನ್ನೇ ಈಗ ನೀವೆಲ್ಲ ಮಾಡಿದೀರಿ. ಒಳ್ಳೇದಾಯ್ತು. ನನಗೊಂದು ಕೊಳವೆ ಕೊಡಿ, ಬೇರೇನೂ ಕೇಳಲ್ಲ," ಎಂದರು.

"ಓಣಿ ಕಷ್ಟದಲ್ಲಿದ್ದಾಗ ಬೇರೆಯಾದವರು ನೀವು," ಎಂದ ಅಣ್ಣ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ಶೆಡ್ಡು ಈಗ ನನ್ನ ಕೈಯಲ್ಲಿದೆ. ಅವರು ಮಾತ್ರ ನೋಡಲಿಲ್ಲ. ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದರು.

"ಮುಂದಿನ ಸಭೆಯಲ್ಲಿ ನೋಡೋಣ," ಎಂದೆ. ಇಲ್ಲ ಎಂದು ಮುಖಕ್ಕೆ ಹೇಳಲಿಲ್ಲವಲ್ಲ. ಮೆತ್ತಗೆ ಹೇಳಿದೆ ಅನ್ನುವ ಸಮಾಧಾನದಲ್ಲಿ ಮನೆಗೆ ಬಂದೆ. ಬಡಿಸುವಾಗ ಇವರಿಗೂ ಹೇಳಿದೆ.

ಇವರು ತುತ್ತು ಕೆಳಗಿಟ್ಟು, ಎಷ್ಟೋ ತಿಂಗಳ ಮೇಲೆ ಒಂದು ಪೂರ್ತಿ ವಾಕ್ಯ ಆಡಿದರು: "ನಿನಗೆ ಹುಷಾರಿಲ್ಲದಾಗ ಆಕೆ ಮುಂದಿನ ಸಭೆಯಲ್ಲಿ ನೋಡೋಣ ಅಂದಿದ್ರೆ?"

ಜನವರಿ 12

ಬೆಳಿಗ್ಗೆ ಎದ್ದಾಗ ಬೀಗದ ಕೈ ಮೊಳೆಯಲ್ಲಿರಲಿಲ್ಲ. ಹೋಗಿ ನೋಡಿದರೆ, ಇವರು ಪಕ್ಕದ ಶೆಡ್ಡಿನೊಳಗೆ! ಒಂದೊಂದೇ ಹ್ಯಾಂಡಲ್ ಪೆಟ್ಟಿಗೆಯನ್ನು ಎಳೆದು ತಂದು ಓಣಿಯಲ್ಲಿ ಇಡುತ್ತಿದ್ದಾರೆ. ಆ ಕಡೆ ನಲ್ಲಿಯವನು, ಈ ಕಡೆ ಚಿಲಕದವನು, ಪಾಲಿಶ್‌ನ ಹೆಂಗಸರು, ಎಲ್ಲರೂ ಕೆಲಸ ಬಿಟ್ಟು ನಿಂತಿದ್ದಾರೆ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ನಿಲ್ಸಿ. ಜನ ನೋಡ್ತಿದಾರೆ," ಎಂದೆ.

"ನೋಡ್ಲಿ," ಎಂದರು.

"ಅಣ್ಣನಿಗೆ ಏನು ಹೇಳ್ಲಿ?"

ಇವರು ದೊಡ್ಡ ಪೆಟ್ಟಿಗೆಗೆ ಕೈ ಹಾಕಿದರು. ಅದು ಒಬ್ಬರಿಂದ ಆಗುವಂಥದ್ದಲ್ಲ. ಹೊಸ್ತಿಲಿಗೆ ಬರುವಾಗ ಒಂದು ಕಡೆ ವಾಲಿತು. ಬಿದ್ದರೆ ಅಷ್ಟೂ ಹ್ಯಾಂಡಲ್‌ಗೆ ಗೀರು, ಮತ್ತೆ ಪಾಲಿಶ್, ಮತ್ತೆ ತೊಟ್ಟಿ. ಅದಕ್ಕೇ ಹೋಗಿ ಇನ್ನೊಂದು ತುದಿ ಹಿಡಿದೆ. ಬೇರೇನಿಲ್ಲ. ಆಮೇಲಿನದೂ ಅಷ್ಟೇ ಭಾರವಿತ್ತು. ಅದಕ್ಕೂ ಹಿಡಿದೆ. ಹೀಗೇ ಹಿಡಿಯುತ್ತ ಹೋದೆ.

ಅಣ್ಣ ಬಂದ. ನಾವಿಬ್ಬರೂ ಪೆಟ್ಟಿಗೆ ಹೊತ್ತು ಬಾಗಿಲಲ್ಲಿದ್ದೆವು. ಅವನು ಸರಿಯಾಗಿ ಎದುರು ನಿಂತಿದ್ದ.

"ಏನಮ್ಮ ಇದು?"

"ಸ್ವಲ್ಪ ದಾರಿ ಬಿಡಣ್ಣ, ಭಾರ ಇದೆ."

ಒಂದು ಗಳಿಗೆ ನಿಂತೇ ಇದ್ದ. ನಾನು ಪೆಟ್ಟಿಗೆಯನ್ನು ತೊಡೆಗೆ ಆನಿಸಿಕೊಂಡೆ. ಆಮೇಲೆ ಸರಿದ. ಹಿಂತಿರುಗಿ ನೋಡದೆ ಗೇಟಿನ ಕಡೆ ಹೋದ. ಸರಿಯಾಗಿ ಮಾತಾಡಿಸಬೇಕಿತ್ತು ಅವನನ್ನು. ಪೆಟ್ಟಿಗೆ ಇಳಿಸುವುದರೊಳಗೆ ದೂರ ಹೋಗಿಬಿಟ್ಟಿದ್ದ.

ಶೆಡ್ಡು ಗುಡಿಸಿ ಬಂದೆ. ಇವರು ಬಸ್ಸು ಹತ್ತಿ ಹೋಗಿ ಬೀಗದ ಕೈಯನ್ನು ಅಕ್ಕನಿಗೆ ಕೊಟ್ಟು ಬಂದರು. ಏನಂದರು ಎಂದು ಕೇಳಿದೆ. "ತಗೊಂಡ್ರು," ಎಂದರು.

ಜನವರಿ 27

ಅಕ್ಕ ಬಂದಿದ್ದಾರೆ, ತೊಟ್ಟಿಗಳೂ ಬಂದಿವೆ. ಸಂಘದವರು ಕೊಳವೆ ಕೊಡಲಿಲ್ಲ. ಘಟಕಕ್ಕೆ ಸೇರದ ಅಂಗಡಿಯನ್ನು ಮಂಡಳಿಯವರು ತೆರೆಯಬಿಡುವುದಿಲ್ಲ. ನನ್ನನ್ನು ಸಮಿತಿಯಿಂದ ತೆಗೆದಿದ್ದಾರೆ. ಟೆಂಪೋ ನಮ್ಮಲ್ಲೂ ನಿಲ್ಲುತ್ತಿಲ್ಲ. ಅಣ್ಣನ ಮನೆಗೆ ಎರಡು ಸಲ ಹೋದೆ. ಅತ್ತಿಗೆ ಬಾಗಿಲಲ್ಲೇ, ಮಲಗಿದ್ದಾರೆ ಎಂದರು. ನಾಳೆಯ ಸಭೆಯಲ್ಲಿ ನಮ್ಮ ಕೊಳವೆ ಕೀಳಿಸುವ ಮಾತೂ ಬರುತ್ತದಂತೆ. ಬರಲಿ. ಏನು ಮಾಡುವುದೋ ನನಗಂತೂ ಗೊತ್ತಿಲ್ಲ.

ಇವತ್ತು ಇವರು ನಡುಗೋಡೆಗೆ ತೂತು ಕೊರೆದರು. ಅಕ್ಕನ ತೊಟ್ಟಿಯ ನೀರು ನಮ್ಮ ಕೊಳವೆಗೆ ಸೇರಿ ಘಟಕಕ್ಕೆ ಹೋಗುವ ಹಾಗೆ. ನಮ್ಮ ಕೊಳವೆ, ನಮ್ಮ ಗೋಡೆ, ಯಾರೇನು ಕೇಳುವುದು ಎಂದು ನಾನೇ ಅಂದಿದ್ದೆ, ಇವರು ಸುಮ್ಮನಿರದೆ ಸುತ್ತಿಗೆ ತಂದರು. ಗಾರೆಯ ಧೂಳಿಗೆ ಮನೆಯಲ್ಲಿದ್ದ ಪಾತ್ರೆಗಳೆಲ್ಲ ಬೆಳ್ಳಗಾದವು. ಇವರು ಅಕ್ಕನ ಕಡೆ ಹೋಗಿ ಕೊಳವೆ ತೂರಿಸಿದರು. ನಾನು ಈ ಕಡೆ ಕೂತು ಅದರ ಬಾಯಿ ಹಿಡಿದುಕೊಂಡಿದ್ದೆ.

ಬಂದಾಗಿನಿಂದ ಅಕ್ಕ ನನ್ನ ಹತ್ತಿರ ಮಾತಾಡಿಲ್ಲ. ನನಗೂ ಧೈರ್ಯವಿರಲಿಲ್ಲ. ಆ ಕಡೆ ನೀರು ಬಿಟ್ಟ ಸದ್ದಾಯಿತು. ಗೋಡೆಯ ತೂತಿನೊಳಗಿಂದ ಅವರ ದನಿ ಕೇಳಿಸಿತು.

"ಬಂತಾ?"

ಮೊದಲು ಗಾಳಿ ಬಂತು, ಆಮೇಲೆ ಒಂದಿಷ್ಟು ಮಣ್ಣು. ಆಮೇಲೆ ಹಸಿರು ನೀರು ನನ್ನ ಎರಡೂ ಕೈ ಮೇಲೆ ಹರಿಯಿತು.

"ಬಂತು ಅಕ್ಕ," ಎಂದೆ. "ಇನ್ನೂ ಸ್ವಲ್ಪ ಬಿಡಿ."